ಮಾರೆಪ್ಪ ನೋಡದೆ ಬಿಟ್ಟ ಕಂತುಗಳು

ನನ್ನ ಗಂಡ ಮಾರೆಪ್ಪನಿಗೆ ಮಳೆಗಾಲವೆಂದರೆ ರಜೆ. ಶಕ್ತಿನಗರದಲ್ಲಿ ಕರೆಂಟು ತಯಾರಾಗುವ ಕಡೆ ಅವನು ಗುತ್ತಿಗೆಯ ಆಳು. ಕಲ್ಲಿದ್ದಲು ಹೊತ್ತು ಓಡುವ ಬೆಲ್ಟಿನ ಕೆಳಗೆ ಉದುರಿದ್ದನ್ನು ಸಲಿಕೆಯಿಂದ ಎತ್ತಿ ಮತ್ತೆ ಬೆಲ್ಟಿಗೆ ಹಾಕುವುದು ಅವನ ಕೆಲಸ. ಮಳೆ ಚೆನ್ನಾಗಿ ಬಂದು ಡ್ಯಾಮುಗಳು ತುಂಬಿದರೆ ನೀರಿನಿಂದಲೇ ಕರೆಂಟು ಬರುತ್ತದೆ. ಆಗ ಇಲ್ಲಿ ಒಂದೊಂದೇ ಯೂನಿಟ್ಟು ನಿಲ್ಲಿಸುತ್ತಾರೆ. ಗುತ್ತಿಗೆಯವರಿಗೆ ಕರೆದಾಗ ಬರ್ರಿ ಅನ್ನುತ್ತಾರೆ.

ಬೇರೆ ಗಂಡಸರು ಆ ದಿನಗಳಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂರುತ್ತಾರೆ. ಮಾರೆಪ್ಪ ಹಾಗಲ್ಲ. ಕೂಲಿ ಸಿಕ್ಕರೆ ಹೋಗುವನು. ಸಿಗದಿದ್ದರೆ ಫೋನು ಹಿಡಿದು ಗೋಡೆಗೆ ಆತು ಕೂರುವನು. ಜಪಾನಿನವರು ಚಿತ್ರ ಬರೆದು ಮಾಡಿದ ಕಥೆಗಳನ್ನು ನೋಡುವನು. ವರ್ಷವಿಡೀ ಕೆಲಸದಲ್ಲಿ ನೋಡಲಾಗದೆ ಉಳಿದಿದ್ದನ್ನೆಲ್ಲ ಮಳೆಗಾಲದಲ್ಲಿ ಕೂತು ಮುಗಿಸುವನು. ಮೀಸೆ ಬೆಳ್ಳಗಾದ ಗಂಡಸು. ಮುಖದ ತುಂಬ ಕಣ್ಣೇ ಇರುವ ಹುಡುಗಿಯರ ಕಥೆ ನೋಡಿ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಳ್ಳುವನು. ನಾನು ನಗುತ್ತಿದ್ದೆ.

ಈ ಹುಚ್ಚು ಹಿಡಿಸಿದವಳು ಪಕ್ಕದ ಮನೆಯ ನಾಹಿದ್. ಕಾಲೇಜಿಗೆ ಹೋಗುವ ಹುಡುಗಿ. ಒಂದು ದಿನ ಅವಳು ತಮ್ಮ ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿದ್ದಳು. ಮಾರೆಪ್ಪ ಬಗ್ಗಿ ನೋಡಿದ.

"ಲಗ್ನದ ವಯಸ್ಸಿಗೆ ಬಂದಿ, ಇನ್ನಾ ಕಾರ್ಟೂನ್ ನೋಡ್ತಿ ಏನಬೇ?"

"ಕಾರ್ಟೂನ್ ಅಲ್ಲ ಕಾಕಾ, ಅನಿಮೆ. ಒಂದ ಎಪಿಸೋಡ್ ನೋಡು, ಆಮ್ಯಾಲ ಮಾತಾಡು."

ಇವನು ಅಲ್ಲೇ ಕೂತು ನೋಡಿದ. ಅದು ಮುಗಿಯಿತು. "ಮುಂದ?" ಅಂದ. ಅಲ್ಲಿಗೆ ಮುಗಿಯಿತು ಅವನ ಕಥೆ. ಆವತ್ತಿನಿಂದ ನಾಹಿದಳೇ ಅವನ ಫೋನಿಗೆ ತೆಲುಗಿನ ಮಾತು ಹಾಕಿದ ಅನಿಮೆಗಳನ್ನು ತುಂಬಿಕೊಡುತ್ತಿದ್ದಳು. ನಮ್ಮ ರಾಯಚೂರಿನಲ್ಲಿ ತೆಲುಗು ಬಾರದವರು ಯಾರು? ನಾನು ಮಾನ್ವಿಯವಳು, ನನಗೇ ಅಷ್ಟಿಷ್ಟು ಬರುತ್ತದೆ. ಅವನಿಗಂತೂ ನೀರು ಕುಡಿದ ಹಾಗೆ ಬರುತ್ತಿತ್ತು.

ಮಾರೆಪ್ಪನ ಊರು ದೇವದುರ್ಗ ತಾಲೂಕಿನ ಜಾಲಹಳ್ಳಿ. ಚಿಕ್ಕಂದಿನಲ್ಲಿ ಕುರಿ ಕಾದವನು. ಅಪ್ಪ ಅವ್ವ ಬೇಗ ಹೋದರು. ಅಕ್ಕ ಬೂದೆಮ್ಮ ಬೆಳೆಸಿದಳು. ಚಿಕ್ಕವನಿದ್ದಾಗ ಇವನಿಗೆ ಆಟ ಅನ್ನುವುದು ಇರಲಿಲ್ಲ ಎಂದು ಬೂದೆಮ್ಮನೇ ಹೇಳುತ್ತಾಳೆ. ಕುರಿ ಕಾಯುವುದು, ಬಂದು ಉಣ್ಣುವುದು, ಮಲಗುವುದು. ನನ್ನನ್ನು ಮದುವೆಯಾದ ಮೇಲೆ ರಾಯಚೂರಿಗೆ ಬಂದ. ಹಮಾಲಿ ಮಾಡಿದ. ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿದ. ಆಮೇಲೆ ಶಕ್ತಿನಗರದ ಕೆಲಸ ಸಿಕ್ಕಿತು. ಒಬ್ಬಳೇ ಮಗಳು ಸವಿತಾ. ಅವಳನ್ನು ನನ್ನ ತವರು ಮಾನ್ವಿಗೇ ಕೊಟ್ಟೆವು. ಮಾರೆಪ್ಪ ಜಗಳಗಂಟನಲ್ಲ. ಬೀಡಿ ಸೇದುತ್ತಿದ್ದ, ಕುಡಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂತ ಮಾತ್ರ ದಿನಾ ಅನ್ನುವನು. ನಾನು ಎಷ್ಟೇ ಹಾಕಲಿ, ಅನ್ನುವನು.

ಅವನಿಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಬೆಂಕಿ ಹುಡುಗಿಯ ಕಥೆ. ಅದರ ಜಪಾನಿ ಹೆಸರು ನನಗೆ ಬಾಯಿಗೆ ಬರುವುದಿಲ್ಲ. ಅವನೂ ಹಾಗೆ ಕರೆಯುತ್ತಿರಲಿಲ್ಲ. ಹಿಮದ ನಾಡು. ಎಲ್ಲರ ಮನೆಯ ಒಲೆಯೂ ಆರಿಹೋಗಿದೆ. ಒಂದು ಕಡೆ ಮಾತ್ರ ಬೆಂಕಿ ಉಳಿದಿದೆ. ಒಬ್ಬ ಹುಡುಗಿ ಅದನ್ನು ಮಣ್ಣಿನ ಗಡಿಗೆಯಲ್ಲಿಟ್ಟುಕೊಂಡು ಊರೂರಿಗೆ ಹೊರಡುತ್ತಾಳೆ. ಜೊತೆಗೆ ಅಡಿಗೆ ಮಾಡುವ ಒಬ್ಬ ಮುದುಕ, ಒಬ್ಬ ಕುರುಡು ಹೆಂಗಸು, ಒಂದು ನಾಯಿ. ಮುಗಿಯದಷ್ಟು ಉದ್ದದ ಕಥೆ. ಮಾರೆಪ್ಪ ಅದನ್ನು ನೋಡುತ್ತಾ, "ಇದೂ ನಮ್ಮ ಕೆಲಸಾನ ನೋಡಲೇ," ಎಂದು ಹೇಳುತ್ತಿದ್ದುದು ಹಂಪಣ್ಣನಿಗೆ.

ಹಂಪಣ್ಣ ಚಂದ್ರಬಂಡದವನು. ಅದೇ ಬೆಲ್ಟಿನಲ್ಲಿ ಇವನ ಜೊತೆಯ ಆಳು. ಆನೆಯಂಥ ಮೈ. ಮಾತು ಮಾತ್ರ ಮೆತ್ತಗೆ. ಅವನ ಹತ್ತಿರ ಇದ್ದುದು ಗುಂಡಿ ಒತ್ತುವ ಸಾದಾ ಫೋನು. ಅದಕ್ಕೆ ನೋಡುವುದೆಲ್ಲ ಮಾರೆಪ್ಪನ ಫೋನಿನಲ್ಲೇ. ಊಟದ ಬಿಡುವಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚಿ, ಒಂದೇ ವೈರಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಇವನ ಕಿವಿಗೆ. ಮಳೆಗಾಲದಲ್ಲಿ ಹಂಪಣ್ಣ ನಮ್ಮ ಮನೆಗೇ ಬರುವನು. ಇಬ್ಬರೂ ಗೋಡೆಗೆ ಆತು ಕೂರುವರು. ನಾನು ರೊಟ್ಟಿ ಬಡಿಯುವೆನು.

ಒಂದು ವರ್ಷ ಹಂಪಣ್ಣ ಬಿತ್ತನೆಗೆ ಊರಿಗೆ ಹೋದ. ಇವನಿಗೆ ತಡೆಯಲಾಗಲಿಲ್ಲ. ಒಬ್ಬನೇ ಮುಂದಿನ ಕಂತುಗಳನ್ನು ನೋಡಿಬಿಟ್ಟ. ಹಂಪಣ್ಣ ಬಂದ ಮೇಲೆ ಏನೂ ಗೊತ್ತಿಲ್ಲದವನ ಹಾಗೆ ಅವನ ಜೊತೆ ಮತ್ತೆ ನೋಡಿದ. ಆದರೆ ನಗುವ ಮಾತು ಬರುವುದಕ್ಕೆ ಮೊದಲೇ ನಕ್ಕ.

ಹಂಪಣ್ಣ ಕಿವಿಯಿಂದ ವೈರು ಕಿತ್ತು ಕೆಳಗಿಟ್ಟ. "ಮೊದ್ಲ ನೋಡೀದಿ ಅಲ್ಲೇನಲೇ?"

"ಎಲ್ಲಿ ನೋಡೀನೋ ಮಾರಾಯ."

"ನನ್ನ ಮುಖ ನೋಡಿ ಹೇಳು."

ಮಾರೆಪ್ಪ ಒಲೆಯ ಕಡೆ ನೋಡಿದ. ಹಂಪಣ್ಣ ಎದ್ದು ಹೋದ. ಆಮೇಲೆ ಒಂದೇ ಬೆಲ್ಟಿನಲ್ಲಿ ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದರು. ದಸರೆಯ ತನಕ ಹಾಗೇ. ಕೊನೆಗೆ ನಾನೇ ಹಂಪಣ್ಣನನ್ನು ಊಟಕ್ಕೆ ಕರೆದೆ. ಇಬ್ಬರನ್ನೂ ಎದುರು ಕೂರಿಸಿದೆ. ಮಾರೆಪ್ಪ ತಾಟಿನಲ್ಲಿದ್ದ ರೊಟ್ಟಿ ಮುಟ್ಟಿ ಆಣೆ ಮಾಡಿದ, ನಿನ್ನ ಬಿಟ್ಟು ಮುಂದೆ ಹೋಗುವುದಿಲ್ಲ ಎಂದು. ಹಂಪಣ್ಣನೂ ರೊಟ್ಟಿ ಮುಟ್ಟಿದ. ಉಣ್ಣುವ ರೊಟ್ಟಿಯ ಆಣೆ ನಮ್ಮಲ್ಲಿ ಮುರಿಯುವುದಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಮಾರೆಪ್ಪ ಸತ್ತ. ಕೆಲಸಕ್ಕೆ ಹೊರಟವನು ಚಪ್ಪಲಿ ಹಾಕಿಕೊಳ್ಳುತ್ತಾ ಎದೆ ಹಿಡಿದುಕೊಂಡು ಕೂತ. ನೀರು ತರುವುದರೊಳಗೆ ಹೋಗಿದ್ದ. ಅದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ.

ಫೋನನ್ನು ಆರಿಸಿ ಟ್ರಂಕಿನಲ್ಲಿ ಅವನ ಅಂಗಿಗಳ ಕೆಳಗೆ ಇಟ್ಟೆ. ಸವಿತಾ ಕೇಳಿದಳು, ಕೊಡಲಿಲ್ಲ. ಅವನ ಅಂಗಿಗೆ ಅವನ ವಾಸನೆ ಉಳಿದಿರಲಿಲ್ಲ, ಒಗೆದು ಮಡಚಿದ್ದೆ. ಫೋನಿನ ಗಾಜಿನ ಮೇಲೆ ಮಾತ್ರ ಅವನ ಹೆಬ್ಬೆಟ್ಟಿನ ಜಿಡ್ಡು ಹಾಗೇ ಇತ್ತು.

ಮಳೆ ಬಂತು. ಯೂನಿಟ್ಟು ನಿಂತಿತು. ಹಂಪಣ್ಣ ಬಂದ. ಬಾಗಿಲಲ್ಲೇ ನಿಂತ.

"ಯಕ್ಕಾ, ಚಲೋ ಅದಿಯಾ?"

"ಅದೀನಿ. ಬಾ, ಕುಂದ್ರು."

ಕೂತ. ಗೋಡೆಯ ಹತ್ತಿರ ಮಾರೆಪ್ಪನ ಜಾಗ ಬಿಟ್ಟು ತನ್ನ ಜಾಗದಲ್ಲಿ ಕೂತ. ಚಹಾ ಕುಡಿದ. ಹೋದ. ಎರಡು ದಿನ ಬಿಟ್ಟು ಮತ್ತೆ ಬಂದ. ಮತ್ತೆ ಚಹಾ ಕುಡಿದ. ನನಗೆ ಸಿಟ್ಟು ಬಂತು.

"ಏನ ಬೇಕಾಗ್ಯದ ಬಾಯಿ ಬಿಟ್ಟು ಹೇಳು ಹಂಪಣ್ಣ. ಹಾಲು ಸುಮ್ಕ ಬರಂಗಿಲ್ಲ."

ತಲೆ ತಗ್ಗಿಸಿದ. "ಬೆಂಕಿ ಹುಡುಗಿ ನಡು ದಾರ್ಯಾಗ ನಿಂತಾಳ ಯಕ್ಕಾ. ಹೊಳಿ ಹೆಪ್ಪುಗಟ್ಟ್ಯದ, ದಾಟಾಕತ್ತಾಳ. ನಡುವ ಬಿರುಕು ಬಿಟ್ಟದ. ಅಲ್ಲಿಗೇ ಬಿಟ್ಟೀವಿ. ಅದ ಕಣ್ಣಾಗ ಕುಂತದ."

"ನಾಹಿದ್ಗ ಹೇಳು, ಆಕಿ ಫೋನಿನ್ಯಾಗ ತೋರಸ್ತಾಳ."

"ಹಂಗ ನೋಡಾಕ ಬರಂಗಿಲ್ಲ. ರೊಟ್ಟಿ ಮುಟ್ಟೀನಿ."

"ಅಂವ ಸತ್ತಾನ ಹಂಪಣ್ಣ."

"ಸತ್ರ ಏನಾತು, ರೊಟ್ಟಿ ರೊಟ್ಟೀನ."

"ಮತ್ತ ನನ್ನ ಹತ್ರ ಏನ ಕೇಳ್ತಿ?"

"ನನಗೂ ತಿಳಿವಲ್ದು," ಅಂದ.

ಅವನನ್ನು ನೋಡಿದರೆ ಪಾಪ ಅನ್ನಿಸಿತು. ಮಾತು ಬದಲಿಸಬೇಕೆಂದು ಕೇಳಿದೆ. ಮಾರೆಪ್ಪ ಊಟಕ್ಕೆ ಕೂತಾಗ ನನಗೂ ಕಥೆ ಹೇಳುತ್ತಿದ್ದ, ಹುಡುಗಿಯ ದನಿ, ಮುದುಕನ ದನಿ ಎಲ್ಲ ಮಾಡಿ.

"ಆ ಅಡಿಗಿ ಮುದುಕ ತನ್ನ ಅಕ್ಕನ ಊರಿಗೆ ಹೋಗಿದ್ನಲ್ಲ, ಹೊಳ್ಳಿ ಬಂದನೋ ಇಲ್ಲೋ?"

ಹಂಪಣ್ಣ ನನ್ನ ಮುಖ ನೋಡಿದ. "ಯಾವ ಅಕ್ಕನ ಊರು? ಆ ಮುದುಕ ಸತ್ತು ಎಷ್ಟೋ ಎಪಿಸೋಡ್ ಆತು. ಹಿಮದಾಗ ಹೆಪ್ಪುಗಟ್ಟಿ ಸತ್ತ."

"ಮತ್ತ ಆ ಕುರುಡಿ? ಮಗಳ ಬಾಣಂತನಕ್ಕ ಹೋದ್ಲು ಅಂದಿದ್ದ."

"ಆಕಿನೂ ಸತ್ಲು."

"ಆ ನಾಯಿ?"

"ನಾಯಿನೂ."

ಹುಡುಗಿಯ ಜೊತೆಯವರು ಒಬ್ಬರೂ ಉಳಿದಿರಲಿಲ್ಲ. ನನಗೆ ಹೇಳುವಾಗ ಮಾರೆಪ್ಪ ಎಲ್ಲರನ್ನೂ ಊರಿಗೆ ಕಳಿಸಿದ್ದ. ನಾಯಿಯನ್ನು ಒಬ್ಬ ಸಾಹುಕಾರನ ಮನೆಗೆ ಸಾಕಲು ಕೊಟ್ಟಿದ್ದ. ಊಟದ ಹೊತ್ತಿನಲ್ಲಿ ಸಾವಿನ ಮಾತು ಬೇಡ ಅಂದುಕೊಂಡನೋ, ನಾನು ಅತ್ತುಬಿಡುತ್ತೇನೆ ಅಂದುಕೊಂಡನೋ. ನನಗೆ ನಗು ಬಂತು. ಅವನು ಸತ್ತ ಮೇಲೆ ಮೊದಲ ಸಲ ನಕ್ಕೆ. ನಗುತ್ತಾ ನಗುತ್ತಾ ಸೆರಗು ಮುಖಕ್ಕೆ ಹಿಡಿದುಕೊಂಡೆ. ಹಂಪಣ್ಣ ಚಹಾದ ಲೋಟ ನೋಡುತ್ತಾ ಕೂತಿದ್ದ.

ಆಮೇಲೆ ನಾನೇ ಹೇಳಿದೆ. "ಮಾನವಮಿ ಅಮಾಸಿಗೆ ಹಿರೇರಿಗೆ ಎಡಿ ಇಡ್ತೀವಿ. ಅಂವ ಹೆಂಗೂ ಬರ್ತಾನ. ನೀನೂ ಬಾ. ಆ ಹೊಳಿ ದಾಟೋ ಎಪಿಸೋಡ್ ಒಂದು ಅವನ ಮುಂದ ಹಚ್ಚಿ ಇಡೂಣು. ಅಂವ ನೋಡ್ಲಿ. ಆಮ್ಯಾಲ ಅದನ್ನ ನೀ ನೋಡು. ಯಾರೂ ಮುಂದ ಹೋದಂಗಾಗಂಗಿಲ್ಲ."

ಹಂಪಣ್ಣ ಎರಡೂ ಕೈ ಜೋಡಿಸಿದ. ಟ್ರಂಕಿನಿಂದ ಫೋನು ತೆಗೆದೆ. ಗಾಜು ಒರೆಸಲಿಲ್ಲ.

ಅಮಾವಾಸ್ಯೆಯ ದಿನ ಜಾಲಹಳ್ಳಿಯಿಂದ ಬೂದೆಮ್ಮ ಬಂದಳು. ಮಾನ್ವಿಯಿಂದ ಸವಿತಾ ಬಂದಳು. ಹೋಳಿಗೆ ಮಾಡಿದೆವು. ಕುರಿಯ ಖಂಡದ ಸಾರು ಮಾಡಿದೆವು. ಉಪ್ಪು ಜಾಸ್ತಿ ಹಾಕಿದೆ. ನಮ್ಮಲ್ಲಿ ಎಡೆ ಇಡುವ ಕ್ರಮ ಹೀಗೆ: ಸತ್ತವರ ಫೋಟೋದ ಮುಂದೆ ಅವರು ಆಸೆಪಡುತ್ತಿದ್ದುದನ್ನೆಲ್ಲ ಬಡಿಸಬೇಕು. ಊದಿನಕಡ್ಡಿ ಹಚ್ಚಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದು ಮುಂದೆ ಮಾಡಬೇಕು. ಅವರು ಬಂದು ಉಣ್ಣುವಾಗ ನಾವು ನೋಡಬಾರದು. ಒಳಗೆ ಅವರದಾಯಿತು ಅನ್ನಿಸಿದ ಮೇಲೆ ಮನೆಯ ಹಿರಿಯರು ಕೆಮ್ಮಿ, ಬಾಗಿಲು ಬಡಿದು ತೆಗೆಯಬೇಕು. ಆಮೇಲೆ ಉಳಿದವರ ಊಟ.

ಹಂಪಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ನಾಹಿದ್ ಬಂದು ಆ ಕಂತು ಹಚ್ಚಿ ಕೊಟ್ಟಳು. ತೆಂಗಿನಕಾಯಿಗೆ ಆನಿಸಿ ಫೋನನ್ನು ಫೋಟೋದ ಎದುರಿಗೆ ನಿಲ್ಲಿಸಿದೆ. ನಡುವೆ ಆರಬಾರದೆಂದು ನಾನೇ ಚಾರ್ಜಿಗೆ ಸಿಕ್ಕಿಸಿದೆ. ಬೂದೆಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಏನಬೇ ಹನುಮಂತವ್ವ, ಎಡಿಗೆ ಫೋನು?"

"ನಿನ್ನ ತಮ್ಮಗ ಬೀಡಿಕಿಂತ ಇದ ಸೇರತಿತ್ತು."

"ಇಡು ಮತ್ತ. ಅಂವ ಬೈದ್ರ ನಿನಗ ಬೈತಾನ."

ಎಲ್ಲರೂ ಹೊರಗೆ ಕಟ್ಟೆಗೆ ಬಂದೆವು. ನಾಹಿದ್ ಪೇಟೆಗೆ ಹೋದಳು. ಬಾಗಿಲು ಮುಂದೆ ಮಾಡಿದೆ. ಒಳಗಿನಿಂದ ಹಿಮಗಾಳಿಯ ಸದ್ದು ಬಂತು. ಹುಡುಗಿ ತೆಲುಗಿನಲ್ಲಿ ಏನೋ ಕೂಗಿದಳು. ಹಂಪಣ್ಣ ತಕ್ಷಣ ಎರಡೂ ಕಿವಿಗೆ ಬೆರಳು ಹಾಕಿಕೊಂಡ. ಮೊದಲು ಮಾರೆಪ್ಪ ಕೇಳಬೇಕು, ಆಮೇಲೆ ತಾನು.

ಸ್ವಲ್ಪ ಹೊತ್ತಾದ ಮೇಲೆ ಹಾಡು ಬಂತು. ಕಂತು ಮುಗಿದರೆ ಹಾಡು ಬರುತ್ತದೆ, ಅದು ನನಗೂ ಗೊತ್ತು. ಹಂಪಣ್ಣನಿಗೆ ಸನ್ನೆ ಮಾಡಿದೆ. ಅವನು ಬೆರಳು ತೆಗೆದು ಎದ್ದು ನಿಂತು ಅಂಗಿ ಸರಿಮಾಡಿಕೊಂಡ. ಬೂದೆಮ್ಮ ಕೆಮ್ಮಲು ಗಂಟಲು ಸರಿಮಾಡಿದಳು. ಅಷ್ಟರಲ್ಲಿ ಒಳಗೆ ಹಾಡು ನಿಂತಿತು. ಮತ್ತೆ ಗಾಳಿ. ಮತ್ತೆ ಆ ಹುಡುಗಿ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಇನ್ನೊಂದು ಶುರು ಆತು," ಅಂದಳು ಸವಿತಾ. "ಅದು ತಾನ ಮುಂದಿಂದಕ್ಕ ಹೋಗ್ತದ ಯವ್ವಾ. ನಾಹಿದ್ ಬಂದ್ ಮಾಡಿಲ್ಲ."

"ಬಾಗಲಾ ತೆಗಿ ಮತ್ತ," ಅಂದ ಹಂಪಣ್ಣ.

"ಯಾರ ತೆಗೀತೀರಿ?" ಬೂದೆಮ್ಮ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ಉಣ್ಣಾಕ ಕುಂತವನ್ನ ನಡುವ ಎಬ್ಬಸಬಾರ್ದು. ಒಳಗ ದನಿ ಅದ. ಅಂವ ಇನ್ನಾ ಕುಂತಾನ."

"ಯವ್ವಾ, ಅಂವ ಉಣ್ಣಾಕತ್ತಿಲ್ಲ, ನೋಡಾಕತ್ತಾನ! ಮುಂದ ಹೋಗಾಕತ್ತಾನ!" ಅಂದ ಹಂಪಣ್ಣ.

"ಹೋಗ್ಲಿ ಬಿಡಪ್ಪಾ. ಸಣ್ಣಾಂವ ಇದ್ದಾಗ ಆಟ ಆಡಿಲ್ಲ ನನ್ನ ತಮ್ಮ. ಈಗರ ನೋಡ್ಲಿ."

ಹಂಪಣ್ಣ ಕಿಟಕಿಯ ಹತ್ತಿರ ಹೋದ. ಮುಚ್ಚಿದ ಕಿಟಕಿಗೆ ಬಾಯಿ ಹಚ್ಚಿ ಕೂಗಿದ.

"ಲೇ ಮಾರ್ಯಾ! ನಿಂದ್ರಲೇ! ನಾ ಹೊರಗ ಅದೀನಿ!"

ಓಣಿಯ ಹೆಂಗಸರು ಹೊರಗೆ ಬಂದು ನೋಡಿದರು. ಒಳಗೆ ಕತ್ತಿಗಳ ಸದ್ದು ಬಂತು. ಹಂಪಣ್ಣ ಮತ್ತೆ ಕಿವಿಗೆ ಬೆರಳು ಹಾಕಿಕೊಂಡ. "ಹಿಂದ ಹೆಂಗ ಮಾಡಿದ್ನೋ ಈಗ್ಲೂ ಹಂಗ ಮಾಡಿದ ನೋಡು ಯಕ್ಕಾ," ಅಂದ. "ಸತ್ರೂ ಬುದ್ಧಿ ಬರ್ಲಿಲ್ಲ ಸೂಳೆಮಗಗ." ಬೂದೆಮ್ಮನ ಎದುರೇ ಬೈದ. ಬೂದೆಮ್ಮ ಸೆರಗಿನಲ್ಲಿ ನಕ್ಕಳು.

ಹಾಡು ಬಂತು. ನಿಂತಿತು. ಮೂರನೆಯದು ಶುರುವಾಯಿತು.

ಸವಿತಾ ನನ್ನ ಮುಖ ನೋಡಿದಳು. ನಾನು ಏಳಲಿಲ್ಲ. ಏಕೆಂದು ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಒಳಗೆ ಫೋನಿನ ಗದ್ದಲ, ಹೊರಗೆ ನಾನು. ಯೂನಿಟ್ಟು ನಿಂತ ದಿನಗಳಲ್ಲಿ ನಮ್ಮ ಮನೆ ಹೀಗೇ ಇರುತ್ತಿತ್ತು. ಬಾಗಿಲು ತೆಗೆದರೆ ತೆಂಗಿನಕಾಯಿ, ಫೋಟೋ, ಆರಿದ ಅನ್ನ. ತೆಗೆಯದಿದ್ದರೆ ಅವನು ಒಳಗಿದ್ದಾನೆ. ಬೂದೆಮ್ಮ ಹಾಕಿದ ಕಟ್ಟಳೆ ನನಗೆ ಅನುಕೂಲವಾಗಿತ್ತು. ಚಾರ್ಜು ಮುಗಿಯುವುದಿಲ್ಲ, ನಾನೇ ಸಿಕ್ಕಿಸಿದ್ದೇನೆ. ಸಂಜೆಯ ತನಕ ಹಾಗೇ ಕೂತಿರುತ್ತಿದ್ದೆ.

ಹಂಪಣ್ಣ ಮಾತ್ರ ಕಟ್ಟೆಯ ತುದಿಯಲ್ಲಿ ಕೂತಿದ್ದ. ಅಷ್ಟು ದೊಡ್ಡ ಮೈ ಮುದುಡಿಕೊಂಡು, ಕಿವಿಯಲ್ಲಿ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು. ಹೊಸ ಅಂಗಿಯ ಬೆನ್ನು ಬೆವರಿನಿಂದ ಅಂಟಿತ್ತು. ಕೈ ಸೋತಿತ್ತು. ಕೈ ಇಳಿಸಿದರೆ ಕಿವಿಗೆ ಬೀಳುತ್ತದೆ, ಅದಕ್ಕೆ ಇಳಿಸಲಿಲ್ಲ. ಒಬ್ಬ ಸತ್ತವನಿಗೆ ಕೊಟ್ಟ ಮಾತಿಗಾಗಿ ಒಬ್ಬ ಬದುಕಿದವನು ಉಪವಾಸ ಕೂತು ಕಿವಿ ಮುಚ್ಚಿಕೊಂಡಿದ್ದ. ನಾನು ಅವನನ್ನು ಹಾಗೆ ಕೂರಿಸಿದ್ದೆ. ಮಾರೆಪ್ಪ ಇದ್ದಿದ್ದರೆ ಕೂರಿಸುತ್ತಿರಲಿಲ್ಲ.

ಎದ್ದೆ. "ಅತ್ತಾಗ ಸರಿ ಯಕ್ಕಾ," ಎಂದೆ ಬೂದೆಮ್ಮನಿಗೆ.

"ಬ್ಯಾಡಬೇ, ಅಂವ ಇನ್ನಾ..."

"ನೋಡ್ಯಾನ ಸಾಕಷ್ಟು. ಈಗ ಇವರು ಉಣ್ಣಲಿ."

ಕೆಮ್ಮಿದೆ. ಬಾಗಿಲು ಬಡಿದೆ. ತೆಗೆದೆ.

ಒಳಗೆ ಊದಿನಕಡ್ಡಿ ಯಾವಾಗಲೋ ಆರಿತ್ತು. ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು. ಫೋನು ಆರಿಸಿದೆ. ಮನೆ ಬಹಳ ಸುಮ್ಮನಾಯಿತು. ಆಮೇಲೆ ಹೊರಗೆ ಬಂದು ಹಂಪಣ್ಣನ ಕೈ ಹಿಡಿದು ಕಿವಿಯಿಂದ ಕೆಳಗಿಳಿಸಿದೆ.

"ಎದ್ದೇಳು. ಆಣಿ ಯಾರು ಮುರದಾರ? ನೀನೇನ?"

"ನಾ ಅಲ್ಲ."

"ಅಂವ ಮುರದಾನ. ನಿನ್ನ ಬಿಟ್ಟು ಮುಂದ ಹೋಗ್ಯಾನ. ಇನ್ನ ನೀ ನೋಡಿ ಅವನ್ನ ಮುಟ್ಟಬೇಕು. ಅದಕ್ಕ ಯಾವ ಆಣಿನೂ ಅಡ್ಡ ಬರಂಗಿಲ್ಲ."

ಹಂಪಣ್ಣ ಯೋಚಿಸಿದ. ಬೂದೆಮ್ಮನ ಕಡೆ ನೋಡಿದ. ಬೂದೆಮ್ಮ ಹಿರಿಯಳು. ಅವಳು ಹೂಂ ಎಂದು ತಲೆ ಆಡಿಸಿದಳು. "ಖರೆ ಅದಪ್ಪಾ. ತಪ್ಪು ನಮ್ಮಾಂವಂದು."

"ಅಂವ ಎಲ್ಲಿ ತನ ನೋಡ್ಯಾನ?"

ಸವಿತಾ ಫೋನು ನೋಡಿ ಹೇಳಿದಳು, ಹೊಳೆ ದಾಟಿದ್ದು, ಆಮೇಲಿನದು, ಮೂರನೆಯದರ ಅರ್ಧ.

"ಹಂಗಾರ ಅರ್ಧಕ್ಕ ನಿಂದರ್ತೀನಿ," ಅಂದ ಹಂಪಣ್ಣ. "ಅವನ್ನ ದಾಟಂಗಿಲ್ಲ."

ಮೊದಲು ಎಲ್ಲರೂ ಉಂಡೆವು. ತಣ್ಣಗಾದ ಸಾರನ್ನು ಬಿಸಿ ಮಾಡಲಿಲ್ಲ, ಹಾಗೇ ಉಂಡೆವು. ಬೂದೆಮ್ಮ ಉಪ್ಪು ಹೆಚ್ಚಾಗಿದೆ ಅಂದಳು. ಆಮೇಲೆ ಹಂಪಣ್ಣ ತನ್ನ ಜಾಗದಲ್ಲಿ ಕೂತು ನೋಡಿದ. ಹುಡುಗಿ ಹೊಳೆ ದಾಟಿದಳು. ಒಂದು ಕಾಲು ನೀರಿಗೆ ಬಿತ್ತು, ಗಡಿಗೆ ಬೀಳಲಿಲ್ಲ. ಹಂಪಣ್ಣ ತೊಡೆ ತಟ್ಟಿಕೊಂಡ, ಪಕ್ಕಕ್ಕೆ ತಿರುಗಿ, "ನೋಡಿದೇನಲೇ?" ಅಂದುಬಿಟ್ಟ. ಪಕ್ಕದಲ್ಲಿ ಯಾರೂ ಇರಲಿಲ್ಲ. ಮತ್ತೆ ಫೋನಿನ ಕಡೆ ತಿರುಗಿದ. ಮೂರನೆಯದರ ಅರ್ಧಕ್ಕೆ ಬಂದಾಗ ಸರಿಯಾಗಿ ನಿಲ್ಲಿಸಿದ.

ಹೊರಡುವಾಗ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಟ್ರಂಕಿಗೆ ಹಾಕಲಿಲ್ಲ.

"ಹಂಪಣ್ಣ, ಇದರಾಗ ಮೊದಲನೇದು ಎಲ್ಲದ? ಹಚ್ಚಿಕೊಡು. ಆ ಮುದುಕ, ಆ ಕುರುಡಿ, ನಾಯಿ, ಎಲ್ಲಾರೂ ಇದ್ದದ್ದು."

ಅವನು ಹುಡುಕಿ ಹಚ್ಚಿಕೊಟ್ಟ. "ಭಾಳ ಹಿಂದ ಅದಿ ಯಕ್ಕಾ. ನಾವಿದ್ದಲ್ಲಿ ತನ ಬರಾಕ ಭಾಳ ನೋಡಬೇಕಾಗ್ತದ."

"ನನಗೇನ ಕೆಲಸ ಅದ? ನೋಡ್ತೀನಿ."

ಹಂಪಣ್ಣ ಚಪ್ಪಲಿ ಮೆಟ್ಟಿದ. ಚಂದ್ರಬಂಡದ ಬಸ್ಸಿಗೆ ಹೊತ್ತಾಗಿತ್ತು.

"ಸಾವಕಾಶ ನೋಡು," ಅಂದ. "ನೀ ಬಂದು ಮುಟ್ಟೋ ತನಕ ನಿಂದರ್ತೀವಿ."